ವಿದ್ಯಾಪೀಠವೂ ಮನುಷ್ಯಋಣವೂ

ಮನುಷ್ಯನು ಹುಟ್ಟುವಾಗಲೇ ಋಣಿಯಾಗಿ ಹುಟ್ಟುತ್ತಾನೆಂಬುದು ವೈದಿಕರ ಮತ. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಎಲ್ಲರೂ ಬಲ್ಲರು. ಶತಪಥಬ್ರಾಹ್ಮಣವು ಇವುಗಳ ಜೊತೆಗೆ ನಾಲ್ಕನೆಯದೊಂದನ್ನು ಎಣಿಸುತ್ತದೆ. ಅದೇ ಮನುಷ್ಯಋಣ. ಯಜ್ಞದಿಂದ ದೇವತೆಗಳ ಋಣವೂ, ಅಧ್ಯಯನದಿಂದ ಋಷಿಗಳ ಋಣವೂ, ಸಂತಾನದಿಂದ ಪಿತೃಗಳ ಋಣವೂ ತೀರುವಂತೆ, ಮನುಷ್ಯರಿಗೆ ಇರಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ ಮನುಷ್ಯಋಣವು ತೀರುವುದೆಂದು ಅಲ್ಲಿಯ ತಾತ್ಪರ್ಯ.

ವಿದ್ಯಾಪೀಠಗಳ ಧ್ಯೇಯವನ್ನು ಕುರಿತು ವಿಚಾರ ಬಂದಾಗಲೆಲ್ಲ ಋಷಿಋಣದ ಮಾತೊಂದೇ ಮುಂದೆ ಬರುವುದು ವಾಡಿಕೆ. ಜ್ಞಾನಾರ್ಜನೆ, ಸಂಶೋಧನೆ, ಗ್ರಂಥರಕ್ಷಣೆ ಇವೆಲ್ಲ ಅದರ ಅಂಗಗಳು. ಇವುಗಳ ಹಿರಿಮೆಯಲ್ಲಿ ಸಂದೇಹವಿಲ್ಲ. ಆದರೆ ಯಾವ ಗುರುವೂ ಯಾವ ಶಿಷ್ಯನೂ ಹಸಿದ ಹೊಟ್ಟೆಯಲ್ಲಿ ಶಾಸ್ತ್ರವನ್ನು ಬೆಳೆಸಲಿಲ್ಲ. ಓದುವವನ ಎಲೆಗೆ ಬಿದ್ದ ಅನ್ನವನ್ನು ಬೆಳೆದವನು ಬೇರೊಬ್ಬನು. ಅವನಿಗೆ ವಿದ್ಯಾಪೀಠದಿಂದ ಸಲ್ಲಬೇಕಾದುದೇನು, ಸಂದುದೇನು? ಈ ಪ್ರಶ್ನೆಯನ್ನು ಬಿಟ್ಟರೆ ಧ್ಯೇಯದ ವಿಚಾರವು ಅರ್ಧವಾಗಿಯೇ ನಿಲ್ಲುತ್ತದೆ. ಮೈಸೂರಿಗೆ ಪಶ್ಚಿಮದಲ್ಲಿ ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳ ನೀರನ್ನುಂಡು ಬಾಳುವ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯು ಈ ವಿಚಾರಕ್ಕೆ ಒಳ್ಳೆಯ ಒರೆಗಲ್ಲಾಗಿದೆ.

ಮೊದಲು ಹಳೆಯ ಕಾಲವನ್ನು ನೋಡಬಹುದು. ಬಿ. ಎಲ್. ರೈಸ್ ಅವರು ೧೮೯೮ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳು ಸೇರಿವೆ. ಅವುಗಳಲ್ಲಿ ಹನಸೋಗೆಯ ಬಸದಿಗಳ ಶಾಸನಗಳು ಗಮನಾರ್ಹವಾದುವು. ಹಿಂದೆ ಎಡತೊರೆ ತಾಲ್ಲೂಕೆಂದು ಕರೆಯಿಸಿಕೊಳ್ಳುತ್ತಿದ್ದ ಕೃಷ್ಣರಾಜನಗರ ಸೀಮೆಯ ಈ ಚಿಕ್ಕ ಗ್ರಾಮದಲ್ಲಿ ಅರವತ್ತುನಾಲ್ಕು ಬಸದಿಗಳಿದ್ದುವೆಂದು ಶಾಸನಗಳು ಹೇಳಿಕೊಳ್ಳುತ್ತವೆ. ಹನ್ನೊಂದನೆಯ ಶತಮಾನದಲ್ಲಿ ನನ್ನಿ ಚಂಗಾಳ್ವನು ಇಲ್ಲಿನ ಬಸದಿಯನ್ನು ಮರಳಿ ಕಟ್ಟಿಸಿದನು. ಇಲ್ಲಿಯ ಮುನಿಪರಂಪರೆಯು ದೇಶಿಗಣದ ಪುಸ್ತಕಗಚ್ಛಕ್ಕೆ ಸೇರಿದುದು. ಹನಸೋಗೆಯ ಬಳಿಯೆಂದು ಅದರ ಶಾಖೆಯೊಂದು ಈ ಊರಿನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಪುಸ್ತಕದ ಹೆಸರನ್ನೇ ತನ್ನ ಹೆಸರಾಗಿ ಹೊತ್ತ ಪರಂಪರೆಯೊಂದು ಕಾವೇರಿಯ ಬಳಿಯ ಹಳ್ಳಿಯಲ್ಲಿ ನೆಲೆಸಿದ್ದಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಜೈನರು ದಾನವನ್ನು ನಾಲ್ಕಾಗಿ ವಿಂಗಡಿಸುತ್ತಾರೆ: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಹಸಿದವನಿಗೆ ಅನ್ನ, ಅಂಜಿದವನಿಗೆ ಆಸರೆ, ರೋಗಿಗೆ ಮದ್ದು, ಅರಿಯದವನಿಗೆ ವಿದ್ಯೆ ಎಂದು ಇದರ ಅರ್ಥ. ಈ ನಾಲ್ಕನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದುದು ವಿಚಾರಮಾಡತಕ್ಕ ವಿಷಯ. ಶಾಸ್ತ್ರದಾನವು ಅನ್ನದಾನದಿಂದ ಬೇರ್ಪಟ್ಟುದಲ್ಲ. ಭೂಮಿಯನ್ನು ದೊರೆಯು ಬಿಟ್ಟನು. ಉತ್ತು ಬಿತ್ತಿ ಬೆಳೆದುದನ್ನು ಒಕ್ಕಲುಮಗನು ತಂದು ಅಳೆದನು. ಮುನಿಯು ಓದಿದನು, ಓದಿಸಿದನು. ಶಾಸನದಲ್ಲಿ ದೊರೆಯ ಹೆಸರಿದೆ, ಮುನಿಯ ಹೆಸರಿದೆ. ಅಳೆದುಕೊಟ್ಟವನ ಹೆಸರಿಲ್ಲ. ವಿದ್ಯಾಪೀಠದ ಚರಿತ್ರೆಯನ್ನು ಬರೆಯುವವರು ಈ ಕೊರತೆಯನ್ನು ನೆನಪಿನಲ್ಲಿಡಬೇಕು.

ಇನ್ನು ಹೊಸಗಾಲದ ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೩ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಮುಂದೆ ಅದೇ ಮಹಾರಾಜಾ ಕಾಲೇಜಾಗಿ ಬೆಳೆಯಿತು. ೧೮೭೬ರಲ್ಲಿ ಸಂಸ್ಕೃತ ಪಾಠಶಾಲೆಯೂ, ೧೮೮೧ರಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿ ಶಾಲೆಯೂ, ೧೮೯೧ರಲ್ಲಿ ಓರಿಯಂಟಲ್ ಲೈಬ್ರರಿಯೂ ಸ್ಥಾಪಿತವಾದುವು. ಆದರೆ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದುವು. ಪಠ್ಯವನ್ನು ಗೊತ್ತುಮಾಡುವವರು ಅಲ್ಲಿ, ಪರೀಕ್ಷಿಸುವವರು ಅಲ್ಲಿ, ಓದುವವರು ಮಾತ್ರ ಇಲ್ಲಿ. ಮೈಸೂರಿನ ನೆಲಕ್ಕೆ ಯಾವ ವಿದ್ಯೆ ಬೇಕೆಂಬುದನ್ನು ಮೈಸೂರಿನವರು ನಿರ್ಣಯಿಸುವ ಹಾಗಿರಲಿಲ್ಲ.

ಈ ಪರಾಧೀನತೆಯನ್ನು ನೀಗಬೇಕೆಂಬ ಸಂಕಲ್ಪದಿಂದ ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೂ ಸ್ವಂತ ವಿಶ್ವವಿದ್ಯಾನಿಲಯವನ್ನು ಕಟ್ಟಲು ಮುಂದಾದರು. ಪರದೇಶಗಳ ವಿದ್ಯಾಪೀಠಗಳ ಕ್ರಮವನ್ನು ಕಂಡುಬರಲು ಸಿ. ಆರ್. ರೆಡ್ಡಿಯವರನ್ನೂ ಥಾಮಸ್ ಡೆನ್‌ಹ್ಯಾಮ್ ಅವರನ್ನೂ ಕಳುಹಿಸಲಾಯಿತು. ೧೯೧೬ನೆಯ ಇಸವಿ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯವು ಜನ್ಮವೆತ್ತಿತು. ಬ್ರಿಟಿಷರ ನೇರ ಆಳಿಕೆಯ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳಲ್ಲಿ ಇದೇ ಮೊದಲನೆಯದು. ಮಹಾರಾಜರೇ ಕುಲಾಧಿಪತಿಗಳಾದರು, ಎಚ್. ವಿ. ನಂಜುಂಡಯ್ಯನವರು ಮೊದಲನೆಯ ಕುಲಪತಿಗಳಾದರು.

ಈ ವಿಶ್ವವಿದ್ಯಾನಿಲಯದ ಲಾಂಛನದಲ್ಲಿ ಗಂಡಭೇರುಂಡದೊಡನೆ ಗೀತೆಯ ನಾಲ್ಕನೆಯ ಅಧ್ಯಾಯದ ವಾಕ್ಯವೊಂದರ ಮೊದಲ ಭಾಗವಿದೆ. ಜ್ಞಾನಕ್ಕೆ ಸದೃಶವಾದುದು ಬೇರಿಲ್ಲವೆಂದು ಅದರ ಅರ್ಥ. ಮೂಲದಲ್ಲಿ ವಾಕ್ಯವು ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ‘ಪವಿತ್ರ’ವೆಂಬ ಪದವು ಬರುತ್ತದೆ. ಜ್ಞಾನದಂತೆ ಪಾವನಮಾಡುವ ವಸ್ತುವು ಬೇರಿಲ್ಲವೆಂದು ಹೇಳುವುದೇ ಅಲ್ಲಿಯ ಅಭಿಪ್ರಾಯ. ಲಾಂಛನದಲ್ಲಿ ಸ್ಥಳ ಸಾಲದೆ ಆ ಪದವು ಉಳಿದಿರಬಹುದು. ಆದರೆ ಅದನ್ನು ಬಿಟ್ಟು ಓದಿದರೆ ಜ್ಞಾನವು ಕೂಡಿಡತಕ್ಕ ಸೊತ್ತಿನಂತೆ ತೋರುತ್ತದೆ, ಸೇರಿಸಿ ಓದಿದರೆ ಹರಿಯುವ ನೀರಿನಂತೆ ತೋರುತ್ತದೆ. ನೀರು ತಾನು ನಿಂತಲ್ಲಿ ಯಾರನ್ನೂ ಪಾವನಮಾಡಲಾರದು.

ಋಷಿಋಣವನ್ನು ಮೈಸೂರು ಚೆನ್ನಾಗಿಯೇ ತೀರಿಸಿತು. ಕೃಷ್ಣರಾಜನಗರ ಸೀಮೆಗೆ ಸಮೀಪದಲ್ಲಿ, ಕಾವೇರಿಯ ದಡದಲ್ಲಿರುವ ರುದ್ರಪಟ್ಟಣದಿಂದ ಬಂದ ಶಾಮಾಶಾಸ್ತ್ರಿಗಳು ಓರಿಯಂಟಲ್ ಲೈಬ್ರರಿಯ ತಾಳೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚುಮಾಡಿಸಿದರು. ಶತಮಾನಗಳಿಂದ ಹೆಸರುಮಾತ್ರವಾಗಿ ಉಳಿದಿದ್ದ ಗ್ರಂಥವು ಲೋಕಕ್ಕೆ ದೊರಕಿತು. ಆ ಲೈಬ್ರರಿಯು ೧೯೧೬ರಲ್ಲಿ ವಿಶ್ವವಿದ್ಯಾನಿಲಯದ ಕೈಗೆ ಬಂದಿತು. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ೧೯೧೮ರಿಂದ ೧೯೨೧ರವರೆಗೆ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದರು; ಬ್ರಜೇಂದ್ರನಾಥ ಶೀಲರು ೧೯೨೧ರಿಂದ ೧೯೩೦ರವರೆಗೆ ಕುಲಪತಿಗಳಾಗಿದ್ದರು. ವಿದ್ವತ್ತಿಗೆ ಇಲ್ಲಿ ಕೊರತೆಯಿರಲಿಲ್ಲ.

ಮನುಷ್ಯಋಣದ ಲೆಕ್ಕವು ಇಷ್ಟು ಸುಲಭವಲ್ಲ. ಹುಣಸೂರಿನಿಂದ ಮೈಸೂರಿಗೆ ಸುಮಾರು ನಲವತ್ತೈದು ಕಿಲೋಮೀಟರು. ಎಡತೊರೆಯವರಿಗೆ ಅರಸೀಕೆರೆಯ ರೈಲುದಾರಿಯ ಅನುಕೂಲ ಒದಗಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಗೆ ಇಂದಿಗೂ ರೈಲು ಬಂದಿಲ್ಲ. ದಾರಿಯ ದೂರಕ್ಕಿಂತ ಹೊಟ್ಟೆಯ ಚಿಂತೆಯೇ ಹೆಚ್ಚಿನದು. ಹಳ್ಳಿಯ ಹುಡುಗನು ಮೈಸೂರಿನಲ್ಲಿ ಓದಬೇಕಾದರೆ ಎಲ್ಲಿ ಮಲಗಬೇಕು, ಏನು ಉಣ್ಣಬೇಕು? ಈ ಪ್ರಶ್ನೆಗೆ ಆ ಕಾಲದ ಸಮಾಜವು ಕಂಡುಕೊಂಡ ಉತ್ತರಗಳಲ್ಲಿ ಮುಖ್ಯವಾದುದು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ದಿನಗಳಿಗೆ ಏಳು ಗೃಹಿಣಿಯರು ಬಡ ವಿದ್ಯಾರ್ಥಿಗೆ ಎಲೆ ಹಾಕುತ್ತಿದ್ದರು. ಅನೇಕ ವಿದ್ವಾಂಸರೂ ಅಧಿಕಾರಿಗಳೂ ಈ ಅನ್ನದಿಂದ ಬೆಳೆದವರು. ಶತಪಥವು ಹೇಳುವ ಮನುಷ್ಯಋಣವನ್ನು ಅಕ್ಷರಶಃ ತೀರಿಸಿದವರು ಆ ತಾಯಂದಿರು. ಅವರಲ್ಲಿ ಬಹುಮಂದಿಗೆ ಕಾಲೇಜಿನ ಬಾಗಿಲನ್ನು ತುಳಿಯುವ ಯೋಗವಿರಲಿಲ್ಲ.

ಆದರೆ ವಾರಾನ್ನಕ್ಕೆ ಒಂದು ಮೇರೆಯಿದ್ದಿತು. ಅದು ಜಾತಿಯ ಮೇರೆ. ಯಾವ ಹುಡುಗನಿಗೆ ಯಾವ ಮನೆಯ ಪಡಸಾಲೆಯಲ್ಲಿ ಎಲೆ ಬೀಳುವುದೆಂಬುದು ಅವನ ಬುದ್ಧಿಯಿಂದ ಗೊತ್ತಾಗುತ್ತಿರಲಿಲ್ಲ, ಹುಟ್ಟಿನಿಂದ ಗೊತ್ತಾಗುತ್ತಿದ್ದಿತು. ಕಂದಾಯ ಕಟ್ಟಿದ ಒಕ್ಕಲಿಗನ ಮಗನಿಗೆ, ಕುರುಬನ ಮಗನಿಗೆ, ಊರ ಹೊರಗಿನ ಕೇರಿಯ ಮಗುವಿಗೆ ಮೈಸೂರಿನಲ್ಲಿ ಎಲೆ ಹಾಕುವ ಮನೆಗಳು ಎಷ್ಟಿದ್ದುವು? ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನಪತ್ರಿಕೆಯನ್ನು ಕೊಡುವುದು ನ್ಯಾಯವೇ ಸರಿ. ಆದರೆ ಒಬ್ಬನು ಉಂಡು ಬಂದು ಬರೆಯುತ್ತಾನೆ, ಇನ್ನೊಬ್ಬನು ಪರೀಕ್ಷೆಯ ಊರಿಗೆ ಬರಲೇ ಇಲ್ಲ ಎಂದಾದಾಗ ಆ ನ್ಯಾಯವು ಪೂರ್ಣವೆನ್ನಿಸಿಕೊಳ್ಳದು.

ಈ ವಿಚಾರವು ವಿಶ್ವವಿದ್ಯಾನಿಲಯದ ಬಾಲ್ಯದಲ್ಲಿಯೇ ದೊಡ್ಡ ವಿವಾದವಾಯಿತು. ಸರ್ಕಾರಿ ಉದ್ಯೋಗಗಳೂ ಉನ್ನತ ವಿದ್ಯೆಯೂ ಒಂದೇ ವರ್ಗದ ಕೈಯಲ್ಲಿ ನಿಂತುವೆಂಬ ದೂರು ಬಲವಾಗಲು, ನಾಲ್ವಡಿಯವರು ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಹಿಂದುಳಿದ ವರ್ಗಗಳಿಗೆ ಉದ್ಯೋಗದಲ್ಲಿ ಪಾಲನ್ನೂ, ಓದಿಗೆ ನೆರವನ್ನೂ ಕೊಡಬೇಕೆಂದು ಸಮಿತಿಯು ೧೯೧೯ರಲ್ಲಿ ಸೂಚಿಸಿತು. ಅರ್ಹತೆಯೊಂದೇ ಅಳತೆಗೋಲಾಗಬೇಕೆಂಬ ನಿಲುವಿನ ವಿಶ್ವೇಶ್ವರಯ್ಯನವರು ಈ ಮಾರ್ಗವನ್ನು ಒಪ್ಪದೆ, ೧೯೧೮ರ ಕೊನೆಯಲ್ಲಿ ದಿವಾನಗಿರಿಯನ್ನು ಬಿಟ್ಟರು. ವಿಶ್ವವಿದ್ಯಾನಿಲಯವನ್ನು ಕೂಡಿ ಕಟ್ಟಿದ ಇಬ್ಬರು ಮಹನೀಯರು ಇಲ್ಲಿ ಬೇರೆ ಬೇರೆ ದಾರಿ ಹಿಡಿದರು. ಇಬ್ಬರಲ್ಲಿಯೂ ಸ್ವಾರ್ಥವಿರಲಿಲ್ಲ. ವಿದ್ಯೆಯ ಮಟ್ಟ ತಗ್ಗೀತೆಂಬ ಅಂಜಿಕೆ ಒಬ್ಬರದು. ವಿದ್ಯೆಯು ಕೆಲವರ ಅಂಗಳದಲ್ಲಿಯೇ ನಿಂತೀತೆಂಬ ಅಂಜಿಕೆ ಮತ್ತೊಬ್ಬರದು. ಮೊದಲನೆಯದು ಋಷಿಋಣದ ಕಾಳಜಿ, ಎರಡನೆಯದು ಮನುಷ್ಯಋಣದ ಕಾಳಜಿ. ಒಂದನ್ನು ತೀರಿಸಿದವನು ಇನ್ನೊಂದರಿಂದ ಬಿಡುಗಡೆ ಹೊಂದನೆಂಬುದನ್ನು ಮುಂದಿನ ನೂರು ವರ್ಷಗಳು ತೋರಿಸಿಕೊಟ್ಟಿವೆ.

ಎರಡನೆಯ ತಡೆ ಭಾಷೆಯದು. ಇಂಗ್ಲಿಷಿನಲ್ಲಿ ಮಾತ್ರ ದೊರೆಯುವ ವಿದ್ಯೆಯು ಬೆಟ್ಟದಪುರದ ಸಂತೆಗೆ ಹೇಗೆ ಇಳಿದೀತು? ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಿಂದ ೧೯೩೦ರವರೆಗೆ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರು. ಆ ಅವಧಿಯಲ್ಲಿಯೇ, ೧೯೨೭ರಲ್ಲಿ, ಕನ್ನಡದಲ್ಲಿ ಎಂ.ಎ. ತರಗತಿಯು ಮೊದಲಾಯಿತು. ಕುವೆಂಪು, ಡಿ. ಎಲ್. ನರಸಿಂಹಾಚಾರ್ ಮೊದಲಾದವರು ಅದರ ಮೊದಲ ವಿದ್ಯಾರ್ಥಿಗಳು. ೧೯೩೩ರಲ್ಲಿ ಪ್ರಚಾರೋಪನ್ಯಾಸಗಳ ಏರ್ಪಾಡು ಆರಂಭವಾಯಿತು. ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯ ಮುಂತಾದ ವಿಷಯಗಳನ್ನು ಕನ್ನಡದಲ್ಲಿ ಹೇಳಿದರು; ಉಪನ್ಯಾಸಗಳು ಕಿರುಹೊತ್ತಗೆಗಳಾಗಿ ಹೊರಬಂದುವು. ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ೧೯೪೬ರಲ್ಲಿ ಪ್ರಕಟವಾಯಿತು. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿದ ಕುವೆಂಪು ಅವರು ೧೯೫೬ರಿಂದ ೧೯೬೦ರವರೆಗೆ ಅದರ ಕುಲಪತಿಗಳಾಗಿ, ಕನ್ನಡ ಮಾಧ್ಯಮಕ್ಕೆ ಬಾಗಿಲು ತೆಗೆಸಿದರು. ೧೯೬೦ರಲ್ಲಿ ಮಾನಸಗಂಗೋತ್ರಿಯನ್ನು ಸ್ಥಾಪಿಸಿದರು. ಹರಿಯುವ ನೀರಿನ ಹೆಸರನ್ನೇ ವಿದ್ಯಾಕ್ಷೇತ್ರಕ್ಕೆ ಇಟ್ಟುದು ಸಾರ್ಥಕವಾದ ನಾಮಕರಣ.

ಮೂರನೆಯದು ಅನ್ನವಸತಿಯ ಪ್ರಶ್ನೆ. ಇದಕ್ಕೆ ವ್ಯಾಪಕವಾದ ಉತ್ತರವನ್ನು ಕೊಟ್ಟವರು ಈ ಸೀಮೆಯವರೇ ಎಂಬುದು ಹೆಮ್ಮೆಯ ಸಂಗತಿ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಇದ್ದು ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಪದವಿ ಪಡೆದು, ಊರಿಗೆ ಮರಳಿ ಬೇಸಾಯಕ್ಕೆ ನಿಂತವರು. ಬೋರ್ಡಿಂಗಿನ ಊಟವು ಹಳ್ಳಿಯ ಹುಡುಗನ ಬಾಳನ್ನು ಹೇಗೆ ತಿರುಗಿಸಬಲ್ಲದೆಂಬುದನ್ನು ಅವರಿಗೆ ಬೇರೊಬ್ಬರು ಹೇಳಬೇಕಾಗಿರಲಿಲ್ಲ. ೧೯೭೨ರಲ್ಲಿ ಮುಖ್ಯಮಂತ್ರಿಗಳಾದ ಮೇಲೆ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿದರು. ಅದರ ವರದಿಯು ೧೯೭೫ರಲ್ಲಿ ಬಂದಿತು. ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾರ್ಥಿನಿಲಯಗಳು ಹೆಚ್ಚಿದುವು. ಏಳು ಮನೆಗಳ ಪಡಸಾಲೆಯಲ್ಲಿ ದೊರೆಯದ ಎಲೆಯು ಸರ್ಕಾರದ ಪಡಸಾಲೆಯಲ್ಲಿ ದೊರೆಯಿತು. ಇಂದು ಹುಣಸೂರಿನ ಸರ್ಕಾರಿ ಪ್ರಥಮದರ್ಜೆ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿಯೂ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಿವೆ. ಹುಡುಗಿಯರು ಬೆಳಗ್ಗೆ ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಸಂಜೆ ಮನೆ ಸೇರುತ್ತಾರೆ. ೧೯೧೬ರಲ್ಲಿ ಇದು ಕನಸಿಗೂ ನಿಲುಕದ ಮಾತು.

ಹೀಗೆಂದು ಋಣವು ತೀರಿತೆನ್ನುವಂತಿಲ್ಲ. ಹೆಗ್ಗಡದೇವನಕೋಟೆಯ ಕಡೆಗೆ ತಿರುಗಿದರೆ ಲೆಕ್ಕವು ಬೇರೆಯಾಗಿ ಕಾಣುತ್ತದೆ. ೧೯೭೪ರಲ್ಲಿ ಕಪಿಲೆಗೆ ಅಣೆಕಟ್ಟು ಪೂರ್ಣವಾಯಿತು. ಕಾಲೇಜುಗಳಲ್ಲಿ ಕಲಿತ ವಿದ್ಯೆಯೇ ಆ ಕಟ್ಟೆಯನ್ನು ಕಟ್ಟಿತು. ಕೆಳಗಿನ ಬಯಲುಗಳಿಗೆ ನೀರು ಹರಿಯಿತು. ಮೇಲಿನ ಹಳ್ಳಿಗಳೂ ಕಾಡಿನ ಅಂಚೂ ಮುಳುಗಿದುವು. ನಾಗರಹೊಳೆಯ ಕಾಡನ್ನು ಕಾಯುವ ಕಾನೂನುಗಳು ಬಂದಾಗ, ಆ ಕಾಡಿನಲ್ಲಿಯೇ ಹುಟ್ಟಿ ಬೆಳೆದ ಜೇನುಕುರುಬರು ಮೊದಲಾದವರು ತಮ್ಮ ಹಾಡಿಗಳನ್ನು ಬಿಟ್ಟು ಹೊರಬರಬೇಕಾಯಿತು. ವಿದ್ಯೆಯ ಫಲವು ಒಬ್ಬರಿಗೆ, ಅದರ ಬೆಲೆಯು ಮತ್ತೊಬ್ಬರಿಗೆ ಎಂಬಂತಾಯಿತು.

ಇದನ್ನು ಕಂಡು ಮನಸ್ಸು ಕರಗಿದ ವಿದ್ಯಾವಂತರೂ ಇಲ್ಲದಿಲ್ಲ. ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ೧೯೮೪ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿ, ಓದು ಮುಗಿದ ಬಳಿಕ ಹೆಗ್ಗಡದೇವನಕೋಟೆಯ ಕಾಡಂಚಿಗೆ ಹೋಗಿ ನೆಲೆಸಿದರು. ಮೊದಲು ಮದ್ದನ್ನೂ ಅನಂತರ ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳಿಗೆ ಶಾಲೆಯನ್ನೂ ಕೊಟ್ಟರು. ಭೈಷಜ್ಯವೂ ಶಾಸ್ತ್ರವೂ ಒಂದೇ ಪಂಕ್ತಿಯಲ್ಲಿ ಮತ್ತೆ ಕುಳಿತುವು. ನಾಗರಹೊಳೆಯಿಂದ ಹೊರಬಂದ ಗಿರಿಜನರ ಸ್ಥಿತಿಯನ್ನು ಪರಿಶೀಲಿಸಲು ಉಚ್ಚ ನ್ಯಾಯಾಲಯವು ನೇಮಿಸಿದ ಸಮಿತಿಗೆ ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮುಜಾಫರ್ ಅಸ್ಸಾದಿಯವರು ಅಧ್ಯಕ್ಷರಾದರು. ೨೦೧೪ರ ಅವರ ವರದಿಯು ೩,೪೧೮ ಕುಟುಂಬಗಳಿಗೆ ಪುನರ್ವಸತಿ ಸಲ್ಲಬೇಕೆಂದು ಎಣಿಸಿತು. ಹನಸೋಗೆಯ ಕಲ್ಲಿನಲ್ಲಿ ಅಳೆದುಕೊಟ್ಟವನ ಹೆಸರಿರಲಿಲ್ಲ. ಇಲ್ಲಿ ವಿದ್ಯಾಪೀಠದ ಅಧ್ಯಾಪಕರೊಬ್ಬರು ಕಳೆದುಕೊಂಡವರನ್ನು ಲೆಕ್ಕಕ್ಕೆ ತಂದರು. ಇದು ಸಣ್ಣ ಸೇವೆಯಲ್ಲ. ಆದರೆ ಎಣಿಸುವುದು ಬೇರೆ, ಸಲ್ಲಿಸುವುದು ಬೇರೆ. ಸಲ್ಲಬೇಕಾದುದು ಪೂರ್ತಿಯಾಗಿ ಸಂದಿಲ್ಲವೆಂಬ ಅಳಲು ಹಾಡಿಗಳಲ್ಲಿ ಉಳಿದೇ ಇದೆ.

ಈ ಸೀಮೆಯಲ್ಲಿಯೇ ಮತ್ತೊಂದು ವಿದ್ಯಾಪೀಠವುಂಟು. ಅದರ ಚರಿತ್ರೆ ಬೇರೆಯಾದರೂ ಅದು ಹೇಳುವ ಪಾಠ ಬೇರೆಯಲ್ಲ. ಟಿಬೆಟ್ಟಿನ ಲ್ಹಾಸಾ ನಗರದ ಬಳಿ ೧೪೧೯ರಲ್ಲಿ ಸ್ಥಾಪಿತವಾದ ಸೆರಾ ಮಹಾವಿಹಾರದ ಭಿಕ್ಷುಗಳು ೧೯೫೯ರ ಅನಾಹುತದಲ್ಲಿ ಚದರಿ, ಬಂಗಾಳದ ಬಕ್ಸಾದಲ್ಲಿ ಹಲವು ವರ್ಷ ಕಳೆದು, ೧೯೭೦ರ ಸುಮಾರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬಂದರು. ಟಿಬೆಟ್ಟಿನ ನಿರಾಶ್ರಿತರಿಗೆಂದು ಮೈಸೂರು ಸರ್ಕಾರವು ಅಲ್ಲಿ ೧೯೬೦ರಲ್ಲಿಯೇ ನೆಲವನ್ನು ಕೊಟ್ಟಿದ್ದಿತು. ಬಂದವರು ಸುಮಾರು ಮುನ್ನೂರು ಮಂದಿ. ಅವರು ಮೊದಲು ಡೇರೆಗಳಲ್ಲಿದ್ದು ಕಾಡು ಕಡಿದರು, ಮುಸುಕಿನ ಜೋಳ ಬೆಳೆದರು, ಉಳಿದ ಹೊತ್ತಿನಲ್ಲಿ ಓದಿದರು. ತಮ್ಮ ಅನ್ನವನ್ನು ತಾವೇ ಬೆಳೆದುಕೊಂಡು ಶಾಸ್ತ್ರವನ್ನುಳಿಸಿದ ವಿದ್ಯಾಪೀಠವು ಲೋಕದಲ್ಲಿ ವಿರಳ.

ಅವರು ಓದುವ ಗ್ರಂಥಗಳು ಯಾವುವು? ಧರ್ಮಕೀರ್ತಿಯ ಪ್ರಮಾಣವಾರ್ತಿಕ, ವಸುಬಂಧುವಿನ ಅಭಿಧರ್ಮಕೋಶ, ಚಂದ್ರಕೀರ್ತಿಯ ಮಧ್ಯಮಕಾವತಾರ, ಅಭಿಸಮಯಾಲಂಕಾರ, ಗುಣಪ್ರಭನ ವಿನಯಸೂತ್ರ. ಇವೆಲ್ಲವೂ ಸಂಸ್ಕೃತದಿಂದ ಟಿಬೆಟ್ಟಿನ ಭಾಷೆಗೆ ಹೋದುವು. ಭರತಖಂಡದಲ್ಲಿ ಈ ಪರಂಪರೆಯು ಅಳಿದಾಗ ಹಿಮವಂತದ ಆಚೆಯವರು ಅದನ್ನು ಕಾಪಾಡಿದರು. ಅವರ ನೆಲೆಯು ತಪ್ಪಿದಾಗ ಕಾವೇರಿಯ ಈ ಸೀಮೆಯು ಅವರಿಗೆ ಎಡೆಗೊಟ್ಟಿತು. ಋಷಿಋಣ ಮನುಷ್ಯಋಣಗಳು ಹೀಗೆ ಒಂದನ್ನೊಂದು ತೀರಿಸಿದುದನ್ನು ಬೈಲಕುಪ್ಪೆಯ ಅಂಗಳದಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು. ಅಲ್ಲಿ ಪೂರ್ವಪಕ್ಷಿಯು ನಿಂತು ಕೈತಟ್ಟಿ ಪ್ರಶ್ನಿಸುತ್ತಾನೆ. ಸಿದ್ಧಾಂತಿಯು ಕುಳಿತು ಉತ್ತರಿಸುತ್ತಾನೆ. ಗೆಶೆಯೆಂಬ ಪದವಿಗೆ ಸುಮಾರು ಇಪ್ಪತ್ತು ವರ್ಷಗಳ ಅಭ್ಯಾಸ ಬೇಕು. ಆ ಪರಂಪರೆಯೂ ತನ್ನ ಬಾಕಿಯನ್ನು ತಡವಾಗಿ ನೆನೆಯಿತು: ಟಿಬೆಟ್ಟಿನ ಭಿಕ್ಷುಣಿಯರಿಗೆ ಅದಕ್ಕೆ ಸಮಾನವಾದ ಪದವಿಯು ಮೊದಲ ಬಾರಿಗೆ ದೊರೆತುದು ೨೦೧೬ರಲ್ಲಿ, ಮುಂಡಗೋಡಿನಲ್ಲಿ. ಪಡೆದವರು ಇಪ್ಪತ್ತು ಮಂದಿ.

ವಿದ್ಯಾಲಯಗಳ ಗೋಡೆಗಳ ಮೇಲೆ ಈಗ ಧ್ಯೇಯವಾಕ್ಯಗಳು ಚೆನ್ನಾಗಿ ಬರೆಯಲ್ಪಡುತ್ತಿವೆ. ಅವುಗಳನ್ನು ಓದಿ ತೃಪ್ತರಾಗುವುದಕ್ಕಿಂತ ಮೊದಲು ವಾಚಕರು ಸರಳವಾದ ಮೂರು ಮಾತುಗಳನ್ನು ಕೇಳಬಹುದು. ಈ ವಿದ್ಯಾಲಯದಲ್ಲಿ ಬಡವರ ಮಗಳು ಎಲ್ಲಿ ಉಣ್ಣುತ್ತಾಳೆ? ಇಲ್ಲಿ ಕಲಿತುದನ್ನು ಅವಳು ತನ್ನ ತಾಯಿಗೆ ತಾಯಿಯ ಮಾತಿನಲ್ಲಿ ತಿಳಿಸಬಲ್ಲಳೆ? ಇಲ್ಲಿಯ ವಿದ್ಯೆಯಿಂದ ನಷ್ಟಹೊಂದಿದವರ ಲೆಕ್ಕವನ್ನು ಇಲ್ಲಿ ಯಾರಾದರೂ ಇಟ್ಟಿದ್ದಾರೆಯೆ? ಈ ಮೂರಕ್ಕೂ ಉತ್ತರವಿರುವ ವಿದ್ಯಾಲಯವು ಲಾಂಛನದಲ್ಲಿ ಉಳಿದುಹೋದ ಆ ‘ಪವಿತ್ರ’ವೆಂಬ ಪದವನ್ನು ತನ್ನ ನಡತೆಯಲ್ಲಿ ಬರೆದುಕೊಂಡಂತೆ. ಉತ್ತರವಿಲ್ಲದ ಕಡೆ ವಾಕ್ಯವು ಇನ್ನೂ ಅರ್ಧದಲ್ಲಿಯೇ ನಿಂತಿದೆ. ಅದನ್ನು ಪೂರ್ತಿಮಾಡುವ ಭಾರವು ಅಲ್ಲಿ ಓದಿ ಹೊರಬಂದವರೆಲ್ಲರ ಮೇಲೆಯೂ ಇದೆ.